ನೀಲವ್ವನ ಕೈಗುಣ

ಡಾಕ್ಟರು ಹೇಳಿದ್ದು ಒಂದು, ನಾನು ನೀಲವ್ವನಿಗೆ ಹೇಳಿದ್ದು ಇನ್ನೊಂದು. ಅವರ ಮರಾಠಿ ತಿಳಿಯದೆ ಆಕೆ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ಆ ಮುಖ ನೋಡಿಕೊಂಡೇ ನಾನು ಸುಳ್ಳು ಹೇಳಿದೆ. ಅದರಿಂದ ಆಕೆಯ ಕೈ ಕೆಟ್ಟಿತು. ಕೈಗಿಂತ ದೊಡ್ಡದೊಂದೂ ಕೆಟ್ಟಿತು — ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಇಂಡಿ. ಸುತ್ತ ಲಿಂಬೆಯ ತೋಟಗಳು. ಹಾಗಾಗಿ ನಾನು ಹಿಡಿದದ್ದೂ ಲಿಂಬೆಯ ಕೆಲಸವನ್ನೇ. ಹಿಂದಿನ ಪಡಸಾಲೆಯಲ್ಲಿ ಉಪ್ಪಿನಕಾಯಿ ಹಾಕಿ ಖಾನಾವಳಿಗಳಿಗೆ ಕೊಡುತ್ತಿದ್ದೆ. ನಮ್ಮ ಮನೆಯವರು ಡಬ್ಬಿಗಳನ್ನು ಸ್ಕೂಟರಿನ ಮೇಲೆ ಸ್ಟ್ಯಾಂಡಿಗೆ ಒಯ್ದು ಬಸ್ಸಿಗೆ ಹಾಕುತ್ತಿದ್ದರು. ಸಿಂದಗಿಗೆ, ಬಸವನ ಬಾಗೇವಾಡಿಗೆ, ಒಮ್ಮೊಮ್ಮೆ ಆಲಮೇಲಕ್ಕೂ ಹೋಗುತ್ತಿದ್ದವು. ಕಾಯಿ ತೊಳೆದು, ಅರಿವೆಯಲ್ಲಿ ಒರೆಸಿ, ಹೆಚ್ಚಿ, ದೊಡ್ಡ ಪರಾತದಲ್ಲಿ ಉಪ್ಪು ಖಾರ ಹಾಕಿ ಕಲಸಬೇಕು. ಕಲಸುವುದೆಂದರೆ ಮಣಿಕಟ್ಟಿನವರೆಗೆ ಕೈ ಇಳಿಸಿ, ಹೋಳು ರಸ ಬಿಡುವವರೆಗೆ ತಿರುವುವುದು. ಆ ಕೆಲಸ ನೀಲವ್ವನದು.

ನೀಲವ್ವ ದೇವರ ಹಿಪ್ಪರಗಿ ಕಡೆಯವಳು, ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ. ಒಬ್ಬಳೇ ಮಗಳು, ಸವಿತಾ. ನೀಲವ್ವ ನನಗಿಂತ ಎರಡು ವರ್ಷ ಚಿಕ್ಕವಳಾದರೂ ಮಾತಿನಲ್ಲಿ ನನಗೆ ಅಜ್ಜಿ.

ಉಪ್ಪಿನಕಾಯಿಗೆ ಕೈಗುಣ ಬೇಕು ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಒಬ್ಬರು ಕಲಸಿದ್ದು ವಾರದಲ್ಲಿ ಬೂಜು ಹಿಡಿಯುತ್ತದೆ, ಇನ್ನೊಬ್ಬರು ಕಲಸಿದ್ದು ವರ್ಷ ಕಳೆದರೂ ಹೊಸದರಂತೆ ಇರುತ್ತದೆ — ಅಳತೆ ಅದೇ, ಉಪ್ಪು ಅದೇ. ನಾನು ಕಲಸಿದ ಒಂದು ಭರಣಿ ಪೂರಾ ಕೆಟ್ಟಿತ್ತು. ನೀಲವ್ವನ ಕೈಯದು ಒಂದೂ ಕೆಟ್ಟದ್ದಿಲ್ಲ. ಸಿಂದಗಿಯಲ್ಲಿ ಖಾನಾವಳಿ ನಡೆಸುವ ಹೆಂಗಸಂತೂ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಫೋನಿನಲ್ಲಿ ಕೇಳುತ್ತಿದ್ದಳು:

"ಇದು ನೀಲವ್ವನ ಕೈದು ಹೌದಲ್ರಿ? ಬ್ಯಾರೆಯವ್ರ ಕೈದಿದ್ರ ಇದ ಬಸ್ಸಿಗೆ ವಾಪಸ್ ಹಾಕ್ತೇನಿ ನೋಡ್ರಿ ಮತ್ತ."

ನಾನು ಈ ಮಾತನ್ನು ನೀಲವ್ವನಿಗೆ ಹೇಳುತ್ತಿದ್ದೆ. ಆಕೆ ಹಿಗ್ಗಿ, "ಆಕೀಗೇನ್ ಗೊತ್ತರಿ ಅಕ್ಕಾರ, ನನ್ನ ಕೈ ಕೊಯ್ದು ಡಬ್ಬಿಯೊಳಗ ಹಾಕಿ ಕಳಿಸಿಬಿಡ್ರಿ, ಮಾತ ಮುಗೀತು" ಎನ್ನುತ್ತಿದ್ದಳು. ನಗುತ್ತಿದ್ದೆವು ಇಬ್ಬರೂ.

ಮೊದಲು ಆಕೆಯ ಬೆರಳ ಸಂದಿಯಲ್ಲಿ ಕೆಂಪಾಯಿತು. ಉಂಗುರ ತೆಗೆದಿಟ್ಟಳು. ಆಮೇಲೆ ಸಣ್ಣ ನೀರುಗುಳ್ಳೆ, ತುರಿಕೆ. ಆಮೇಲೆ ಅಂಗೈ ಒಣಗಿ, ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವ ಹಾಗೆ ಬಿರಿಯಿತು. ಬಿರುಕಿನೊಳಗೆ ಲಿಂಬೆಯ ರಸ ಇಳಿದಾಗ ಆಕೆ ಹಲ್ಲು ಕಚ್ಚಿ, ಉಸಿರನ್ನು ಒಳಗೆ ಎಳೆದು, ಕಲಸುತ್ತಲೇ ಇರುತ್ತಿದ್ದಳು. ಆ ಉಸಿರಿನ ಸದ್ದು ನನಗೆ ಅಡಿಗೆಮನೆಯವರೆಗೆ ಕೇಳುತ್ತಿತ್ತು. ಕೇಳಿಸಿಕೊಂಡು ಚಹಾ ಕುದಿಸುತ್ತಿದ್ದೆ. ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ಕೊಡುತ್ತಿದ್ದೆ — ನನ್ನ ಕರುಣೆ ಅಷ್ಟಕ್ಕೇ ನಿಂತಿತ್ತು.

ಒಂದು ದಿನ ಆಕೆಯೇ ಕೇಳಿದಳು: "ಅಕ್ಕಾರ, ದವಾಖಾನ್ಯಾಗ ನರ್ಸಬಾಯಾರು ಹಾಕ್ಕೋತಾರಲ್ರಿ ರಬ್ಬರಿನ ಕೈಚೀಲ — ಅಂಥಾವು ಹಾಕ್ಕೊಂಡು ಕಲಸಲೇನ್ರಿ?"

"ರಬ್ಬರಿಗೆ ಕೈಗುಣ ಬರ್ತೈತೇನ ನೀಲವ್ವ?" ಎಂದೆ ನಾನು.

ಆಕೆ ನಾಚಿಕೊಂಡು ನಕ್ಕಳು. ಹೊಗಳಿಕೆ ಎಂದುಕೊಂಡಳು. ನಾನೂ ಹಾಗೆಂದೇ — ಇಲ್ಲ, ನಾನು ಹಾಗೆಂದುಕೊಂಡಿರಲಿಲ್ಲ. ಕೈಚೀಲ ಹಾಕಿ ಕಲಸಿದ್ದು ಗೊತ್ತಾದರೆ ಸಿಂದಗಿಯವಳು ಏನೆನ್ನುತ್ತಾಳೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ರಕ್ತ ಒಸರಲು ಶುರುವಾದ ಮೇಲೆ ದವಾಖಾನೆಗೆ ಕರೆದುಕೊಂಡು ಹೋದೆ. ಸೋಲಾಪುರ ಕಡೆಯಿಂದ ವಾರಕ್ಕೊಮ್ಮೆ ಒಬ್ಬ ಚರ್ಮದ ಡಾಕ್ಟರು ಇಂಡಿಗೆ ಬರುತ್ತಿದ್ದರು. ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದರು. ವಯಸ್ಸಾದವರು, ಕನ್ನಡ ಬಾರದು. ನನ್ನ ತವರು ಗಡಿಯಾಚೆ, ಕಲಿತದ್ದು ಮರಾಠಿ ಶಾಲೆಯಲ್ಲಿ. ಹೀಗಾಗಿ ಅವರಿಬ್ಬರ ನಡುವೆ ನಾನು ಕೂತೆ.

ಡಾಕ್ಟರು ನೀಲವ್ವನ ಎರಡೂ ಕೈಗಳನ್ನು ತಮ್ಮ ಬರಿ ಕೈಯಲ್ಲೇ ಹಿಡಿದು, ತಿರುವಿ ತಿರುವಿ ನೋಡಿದರು. ಏನು ಕೆಲಸ ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ಸಾವಕಾಶವಾಗಿ, ಶಾಲೆಯ ಮಾಸ್ತರರಂತೆ ತಿಳಿಸಿದರು. ಇವತ್ತಿಗೂ ನನಗೆ ಆ ಮಾತುಗಳು ನೆನಪಿವೆ, ಒಂದೂ ಬಿಡದೆ. ಮೇಲಿನ ಚರ್ಮ ಎಂದರೆ ಗೋಡೆ. ಕಲ್ಲಿನ ನಡುವೆ ಗಾರೆ ಇದ್ದ ಹಾಗೆ ಚರ್ಮದ ನಡುವೆ ಜಿಡ್ಡು ಇರುತ್ತದೆ. ಹೊರಗಿನದು ಒಳಗೆ ಬರದಂತೆ, ಒಳಗಿನ ತೇವ ಹೊರಗೆ ಹೋಗದಂತೆ ಅದು ಕಾಯುತ್ತದೆ. ಲಿಂಬೆಯ ಹುಳಿ, ಸಿಪ್ಪೆಯ ಎಣ್ಣೆ, ಉಪ್ಪು, ದಿನವಿಡೀ ನೀರು, ಸಾಬೂನು — ಎಲ್ಲ ಸೇರಿ ಆ ಗಾರೆಯನ್ನು ತೊಳೆದುಹಾಕಿವೆ. ಇದು ಕೆಲಸದಿಂದ ಬಂದದ್ದು, ಬೇರೆ ಯಾತರಿಂದಲೂ ಅಲ್ಲ. ಇದು ಅಂಟುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಪೂರಾ ಮಾಯುವವರೆಗೆ ಈ ಕೆಲಸ ಬಿಡಬೇಕು. ಆಮೇಲೆ ಮಾಡಿದರೂ ಒಳಗೆ ನೂಲಿನ ಕೈಚೀಲ, ಮೇಲೆ ರಬ್ಬರಿನದು ಹಾಕಿಕೊಂಡೇ ಮಾಡಬೇಕು. ಸುಡುನೀರು ಬೇಡ. ಕೈ ತೊಳೆದಾಗಲೆಲ್ಲ ಒತ್ತಿ ಒರೆಸಿ, ಪಸೆ ಇರುವಾಗಲೇ ವ್ಯಾಸಲೀನು ಹಚ್ಚಬೇಕು. ಇದೊಂದು ಮುಲಾಮು, ಇಷ್ಟು ದಿನ. ಆಮೇಲೆ ಮತ್ತೆ ಕರೆತನ್ನಿ.

"ಏನಂದ್ರರಿ ಅಕ್ಕಾರ?" ಎಂದಳು ನೀಲವ್ವ.

ಅವತ್ತು ಮುಂಜಾನೆಯೇ ಲಿಂಬೆಯ ಚೀಲಗಳು ಇಳಿದಿದ್ದವು. ಕಾಯಿ ತಡೆಯುವುದಿಲ್ಲ. ನಾನು ಯೋಚಿಸಲೂ ಇಲ್ಲ — ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವಳ ಹಾಗೆ ಹೇಳಿದೆ:

"ರಕ್ತದಾಗ ಉಷ್ಣ ಕೂಡೈತಂತ ನೀಲವ್ವ. ರಕ್ತ ಕೆಟ್ಟೈತಂತ. ಬದನಿಕಾಯಿ, ಶೇಂಗಾ, ಮಸರು ಬಿಡಬೇಕಂತ. ಈ ಮುಲಾಮು ಹಚ್ಚಿದ್ರ ಕಡಿಮಿ ಆಗ್ತೈತಂತ."

"ಕೆಲಸ?"

"ಕೆಲಸಕ್ಕೇನೂ ಅನ್ನಲಿಲ್ಲ."

ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ತಿಳಿಯಿತೇ ಎಂಬಂತೆ ತಲೆ ಆಡಿಸಿದರು. ನೀಲವ್ವ ಆ ಬಿರಿದ ಕೈಗಳನ್ನೇ ಜೋಡಿಸಿ ಅವರಿಗೆ ನಮಸ್ಕಾರ ಮಾಡಿದಳು.

ಆಕೆ ನಾನು ಹೇಳಿದ್ದೆಲ್ಲವನ್ನೂ ಪಾಲಿಸಿದಳು. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ಹೆಂಗಸು ಬರೀ ಉಪ್ಪು ನೆಂಚಿಕೊಂಡು ತಿಂದಳು, ಬಡವಾದಳು. ರಾತ್ರಿ ಮುಲಾಮು ಹಚ್ಚುತ್ತಿದ್ದಳು, ತುಸು ಮಾಯುತ್ತಿತ್ತು. ಹಗಲು ಪರಾತದಲ್ಲಿ ಕೈ ಇಳಿಸುತ್ತಿದ್ದಳು, ಮತ್ತೆ ಒಡೆಯುತ್ತಿತ್ತು. ಕೆಟ್ಟ ರಕ್ತ ಹೊರಗೆ ಬರಲಿ ಎಂದು ಯಾರೋ ಹೇಳಿದ್ದಕ್ಕೆ ಸುಡುನೀರಿಗೆ ಉಪ್ಪು ಹಾಕಿ ಅದರಲ್ಲಿ ಕೈ ಅದ್ದತೊಡಗಿದಳು. ನಮ್ಮ ಬಚ್ಚಲಿನಲ್ಲೇ. ನೀರು ಕಾಸಿ ಕೊಟ್ಟವಳು ನಾನು.

"ಡಾಕ್ಟರ್ ಕಡೆ ಮತ್ತ ಹೋಗೂಣೇನ್ರಿ?" ಎಂದರೆ, "ಈ ಕಾಯಿ ಮುಗೀಲಿ" ಎನ್ನುತ್ತಿದ್ದೆ. ಇಂಡಿಯಲ್ಲಿ ಕಾಯಿ ಯಾವಾಗ ಮುಗಿಯುತ್ತದೆ!

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ಇಷ್ಟೇ ಆಗಿದ್ದರೂ ಅದು ಸಣ್ಣದಲ್ಲ. ಆದರೆ ನಿಲ್ಲಲಿಲ್ಲ.

ಸವಿತಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ತಾಯಿಯ ಮನೆಗೆ ಬಂದಳು, ಹೆಣ್ಣು ಹುಟ್ಟಿತು. ನೀಲವ್ವನ ಸಂಭ್ರಮ ಏನು ಹೇಳಲಿ. ಮುಂಜಾನೆ ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಬಿಸಿನೀರು, ಲೋಬಾನದ ಹೊಗೆ. ನನ್ನಲ್ಲಿಗೆ ಮಧ್ಯಾಹ್ನದ ಮೇಲಷ್ಟೇ ಬರುತ್ತಿದ್ದಳು. ಕಲಸುವುದು ಹಿಂದೆ ಬಿತ್ತು. ನನಗೆ ಒಳಗೊಳಗೇ ಕಿರಿಕಿರಿ — ಅದನ್ನೂ ಮುಚ್ಚಿಡುವುದಿಲ್ಲ.

ಸವಿತಾಳ ಅತ್ತೆ ಗಂಗಾಬಾಯಿ ತೊಟ್ಟಿಲಿಗೆ ಹಾಕಲು ಬಂದವಳು ಎರಡು ದಿನ ಉಳಿದಳು. ಎರಡನೆಯ ದಿನ ನೀಲವ್ವ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅದು ಕಿಟಾರನೆ ಕಿರುಚಿತಂತೆ. ಒರಟು ಅಂಗೈ ತರಚಿತ್ತು, ಅಷ್ಟೇ. ಗಂಗಾಬಾಯಿ ಬಂದು ಆ ಕೈ ಹಿಡಿದು ನೋಡಿ, ಗಾಬರಿಯಾಗಿ ಕೂಸನ್ನು ಕಸಿದುಕೊಂಡಳು. ನಾನು ಹೋದದ್ದು ಆ ಹೊತ್ತಿಗೇ. ನೀಲವ್ವನನ್ನು ಕೆಲಸಕ್ಕೆ ಕರೆಯಲು ಹೋಗಿದ್ದೆ.

"ಇದೆಂಥಾ ಕೈರಿ ಬೀಗತಿ! ಇದು ಯಾ ಜಡ್ಡು?"

"ರಕ್ತದ ಉಷ್ಣ ಅಂತರಿ ಯವ್ವಾ" ಎಂದಳು ನೀಲವ್ವ. "ಡಾಕ್ಟರಿಗೆ ತೋರಿಸೇವಿ."

"ರಕ್ತದ್ದಂದ್ರ? ಅಂಟು ಜಡ್ಡು ಹೌದೋ ಅಲ್ಲೋ?"

ನೀಲವ್ವ ನನ್ನ ಕಡೆ ತಿರುಗಿದಳು. ಆ ತಿರುಗಿದ ಮುಖ — ಅದರಲ್ಲಿ ಅಂಜಿಕೆ ಇರಲಿಲ್ಲ, ಸಮಾಧಾನ ಇತ್ತು. "ಅಕ್ಕಾರ ಅದಾರಲ್ರಿ. ಡಾಕ್ಟರ್ ಕೂಡ ಮಾತಾಡಿದವ್ರು ಅವರೇ. ಅಕ್ಕಾರನ ಕೇಳ್ರಿ."

ಗಂಗಾಬಾಯಿ ಕೇಳಿದಳು. ತೊಟ್ಟಿಲ ಹತ್ತಿರ ಸವಿತಾ ಎದ್ದು ಕೂತಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. 'ಅಂಟುವುದಿಲ್ಲ' — ಒಂದೇ ಮಾತು, ಡಾಕ್ಟರು ಎರಡು ಸಲ ಹೇಳಿದ್ದ ಮಾತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಯಾತರಿಂದ ಬಂತು? ಅದೂ ಅಲ್ಲದೆ — ಬಾಣಂತಿ ಗಂಡನ ಮನೆಗೆ ಹೋದರೆ ನೀಲವ್ವ ಮತ್ತೆ ಮುಂಜಾನೆಯಿಂದ ಬರುತ್ತಾಳೆ. ಈ ಲೆಕ್ಕ ಆಗ ನನ್ನೊಳಗೆ ಇತ್ತು. ಇರಲಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಇತ್ತು.

"ಅದನ್ನ ಡಾಕ್ಟರು ಖುಲ್ಲಾ ಬಿಚ್ಚಿ ಹೇಳಲಿಲ್ರಿ" ಎಂದೆ.

ಗಂಗಾಬಾಯಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಮತ್ತ ಈ ಕೈಲೆ ಉಪ್ಪಿನಕಾಯಿ ಹಾಕಿಸಿ ಊರಿಗೆಲ್ಲಾ ಉಣಸ್ತೀರೇನ್ರಿ?"

"ಉಪ್ಪು ಖಾರದಾಗ ಏನೂ ಉಳಿಯೂದಿಲ್ರಿ" ಎಂದೆ. ಅದಕ್ಕೆ ಮಾತ್ರ ಉತ್ತರ ತಯಾರಿತ್ತು ನನ್ನ ಹತ್ತಿರ!

ಮರುದಿನವೇ ಗಂಗಾಬಾಯಿ ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಹೋದಳು. ಹೊರಡುವಾಗ ಸವಿತಾ ಕೂಸನ್ನು ತಾಯಿಯ ಕಡೆ ಚಾಚಿದಳು — ಅತ್ತೆ ಆಚೆ ಮುಖ ಮಾಡಿದ್ದಳು, ತಗೋ ಎಂದು ಕಣ್ಣಲ್ಲೇ ಹೇಳಿದಳು. ನೀಲವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಸರಿದಳು. "ಬ್ಯಾಡವ್ವ, ಖುಲ್ಲಾ ಹೇಳಿಲ್ಲಂತ" ಎಂದಳು. ನನ್ನ ಮಾತು, ನನ್ನ ಎದುರಿನಲ್ಲೇ.

ಆ ಮಳೆಗಾಲದಲ್ಲಿ ಬಿರುಕಿನೊಳಗೆ ಕೀವಾಯಿತು. ಕೈ ಮೊಣಕೈವರೆಗೆ ಬಾತು ಜ್ವರ ಬಂತು. ವಿಜಯಪುರದ ದವಾಖಾನೆಗೆ ಸೇರಿಸಿ ಕೀವು ತೆಗೆಸಬೇಕಾಯಿತು. ಬಲಗೈಯ ಕಿರುಬೆರಳು ಆಮೇಲೆ ಮಡಚಿದ್ದು ಮಡಚಿದಂತೆಯೇ ಉಳಿಯಿತು. ಅಲ್ಲಿ ಕನ್ನಡದ ಡಾಕ್ಟರೊಬ್ಬರು ಲಿಂಬೆಯ ಕೆಲಸ ಬಿಡಬೇಕೆಂದು ಆಕೆಗೆ ನೇರವಾಗಿ ಹೇಳಿದರು; ಅಂಟುವ ವಿಷಯವನ್ನು ಆಕೆ ಕೇಳಲಿಲ್ಲ, ಅವರೂ ಎತ್ತಲಿಲ್ಲ. ನೋಡಲು ಹೋದಾಗ ಹಾಸಿಗೆಯ ಮೇಲೆ ಕೂತು, ಬ್ಯಾಂಡೇಜಿನ ಕೈಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಆಕೆ ಅಂದಳು:

"ಆ ಮರಾಠಿ ಡಾಕ್ಟರಿಗೆ ತಿಳೀಲೇ ಇಲ್ಲ ನೋಡ್ರಿ ಅಕ್ಕಾರ. ಮುದುಕ ಆಗಿದ್ದ, ಕಣ್ಣು ಕಾಣ್ತಿದ್ದಿಲ್ಲೇನೋ. ನೀವರ ಪಾಪ ಏನ್ ಮಾಡ್ತೀರಿ, ಅಂವ ಹೇಳಿದ್ದ ಹೇಳೀರಿ."

"ಹೌದು ನೀಲವ್ವ" ಎಂದೆ. ತಂದಿದ್ದ ಮೋಸಂಬಿಯನ್ನು ಸುಲಿದು, ತೊಳೆ ಬಿಡಿಸಿ, ಒಂದೊಂದೇ ಆಕೆಯ ಬಾಯಿಗೆ ಇಟ್ಟೆ. ಆಕೆಯ ಕಣ್ಣಲ್ಲಿ ನೀರು ಬಂತು — ಇಷ್ಟು ಮಾಡುತ್ತಾರಲ್ಲ ಅಕ್ಕಾರು ಎಂದು.

ಉಪ್ಪಿನಕಾಯಿಯ ಕೆಲಸ ಆಕೆ ಬಿಟ್ಟಳು. ಆಕೆ ಬಿಟ್ಟ ಮೇಲೆ ನನ್ನದೂ ನಡೆಯಲಿಲ್ಲ. ಅದನ್ನು ಶಿಕ್ಷೆ ಎಂದು ಎಣಿಸುವಷ್ಟು ನಾಚಿಕೆಗೆಟ್ಟಿಲ್ಲ ನಾನು. ಲಿಂಬೆ ದೂರವಾದಂತೆ ನೀಲವ್ವನ ಕೈ ನಿಧಾನವಾಗಿ ಮಾಯಿತು. ಚರ್ಮ ದಪ್ಪಗಾಗಿದೆ, ಚಳಿಗಾಲದಲ್ಲಿ ಇನ್ನೂ ಬಿರಿಯುತ್ತದೆ, ಬೆರಳು ಡೊಂಕು. ಆದರೆ ಈಗ ಕೌದಿ ಹೊಲೆಯುತ್ತಾಳೆ. ಸೂಜಿ ಹಿಡಿಯುವ ಕೈ ಅದು. ಮಗುವನ್ನು ಹಿಡಿಯಲು ಯಾವ ಅಡ್ಡಿಯೂ ಇಲ್ಲದ ಕೈ.

ಈ ಬೇಸಿಗೆಯ ರಜೆಗೆ ಸವಿತಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯ ಹೆಸರು ಸೃಷ್ಟಿ, ಎರಡನೆಯ ಇಯತ್ತೆ. ನಾನು ಮಾತಾಡಿಸಲು ಹೋಗಿದ್ದೆ. ಸವಿತಾ ಶೇಂಗಾ ಉಂಡೆ ಕಟ್ಟಿಟ್ಟಿದ್ದಳು. ನೀಲವ್ವ ಡಬ್ಬಿಯಿಂದ ಚಮಚದಲ್ಲಿ ಎರಡು ಉಂಡೆ ತೆಗೆದು ತಾಟಿಗೆ ಹಾಕಿ, ತಾಟನ್ನು ನೆಲದ ಮೇಲಿಟ್ಟು ಹುಡುಗಿಯ ಕಡೆ ಸರಿಸಿದಳು. ಹುಡುಗಿ ಕಾಯ್ದು, ಆಕೆ ಕೈ ಹಿಂದೆ ತಗೊಂಡ ಮೇಲೆ ಎತ್ತಿಕೊಂಡಿತು. ಇಬ್ಬರಿಗೂ ಅದು ದಿನದ ರೂಢಿ. ಒಮ್ಮೆ ನೀಲವ್ವ ಮರೆತು ನೀರಿನ ಲೋಟವನ್ನು ಕೈಯಲ್ಲೇ ಚಾಚಿದಾಗ ಹುಡುಗಿ, "ಆಯಿ, ಕೆಳಗಿಡು" ಎಂದಿತು. ಸಿಟ್ಟಿಲ್ಲ, ಹೇಸಿಗೆಯೂ ಇಲ್ಲ. ಚಪ್ಪಲಿ ಹೊರಗೆ ಬಿಡು ಎನ್ನುವಷ್ಟು ಸಾದಾ ಮಾತು. ನೀಲವ್ವ "ಹೂಂ ನನ ಕೂಸ, ಮರತೆ" ಎಂದು ಕೆಳಗಿಟ್ಟಳು.

ನಾನು ಎದ್ದು ಬಂದೆ. ಮನೆಗೆ ಬಂದು ಜೋಳ ಹಸನು ಮಾಡಲು ಕೂತೆ, ಮೊರದಲ್ಲಿ ಕಲ್ಲೂ ಕಾಳೂ ಒಂದೂ ಕಾಣಲಿಲ್ಲ.

ಸವಿತಾ ಊರಿಗೆ ಹೋದ ಮೇಲೆ ನೀಲವ್ವನ ಮನೆಗೆ ಹೋದೆ. ಆಕೆ ಕೌದಿ ಹರಡಿಕೊಂಡು ಕೂತಿದ್ದಳು. ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದೆ — ಗೋಡೆ, ಗಾರೆ, ಕೈಚೀಲ, ಕೆಲಸ ಬಿಡಬೇಕೆಂದದ್ದು, ರಕ್ತದ ಮಾತು ನನ್ನದೇ ಎಂಬುದು. ಆಕೆ ಹೊಲಿಗೆ ನಿಲ್ಲಿಸಲಿಲ್ಲ. ಶೇಂಗಾ ತಿನ್ನುವುದನ್ನು ಬಿಡಿಸಿದ್ದೂ ನಾನೇ ಎಂದಾಗ ಸಣ್ಣಗೆ ನಕ್ಕಂತೆಯೂ ಆಯಿತು. ಬೆರಳಿನ ಸುದ್ದಿಗೆ ದಾರವನ್ನೊಮ್ಮೆ ಜಗ್ಗಿ ಬಿಗಿ ಮಾಡಿದಳು. ನನ್ನ ಮಾತು ಮುಗಿದ ಮೇಲೆ ಕೇಳಿದಳು:

"ಅಂಟೂದು ಬಿಡೂದು — ಅದನ್ನೂ ಹೇಳಿದ್ದನೇನ್ರಿ ಅಂವ?"

"ಹೇಳಿದ್ರು."

"ಏನಂತ?"

"ಅಂಟೂದಿಲ್ಲ ಅಂತ. ಯಾರಿಗೂ ಅಂಟೂದಿಲ್ಲ ಅಂತ."

ಸೂಜಿ ಅಲ್ಲೇ ನಿಂತಿತು. ಆಕೆ ತನ್ನ ಅಂಗೈಗಳನ್ನು ತಿರುವಿ ನೋಡಿಕೊಂಡಳು — ಬಹಳ ಹೊತ್ತು, ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ನನ್ನ ಮುಖ ನೋಡದೆ ಅಂದಳು:

"ನನಗ ಹೇಳಿ ಏನ್ ಮಾಡೂದೈತ್ರಿ. ಮುದ್ದೇಬಿಹಾಳಕ್ಕ ಹೋಗಿ ಹೇಳ್ರಿ. ಆ ಹುಡುಗಿ ಮುಂದ ಹೇಳ್ರಿ."

ಅಕ್ಕಾರ ಎನ್ನಲಿಲ್ಲ. ಎದ್ದು ನಿಂತು "ಬರ್ತೇನಿ ನೀಲವ್ವ" ಎಂದೆ. ನಮ್ಮಲ್ಲಿ ಶತ್ರುವಿಗೂ ಹೂಂ, ಬರ್ರಿ ಎನ್ನುತ್ತಾರೆ. ಆಕೆ ಸೂಜಿಗೆ ದಾರ ಪೋಣಿಸತೊಡಗಿದಳು.

ಹೋದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಇಂಡಿಯ ಬಸ್ಸು ಎದುರಿಗೇ ನಿಂತಿತ್ತು; ಹತ್ತಿ ವಾಪಸ್ಸು ಹೋಗಿಬಿಡಲೇ ಎಂದು ಒಮ್ಮೆ ಅನ್ನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಒಂದು ಬಿಸ್ಕೀಟಿನ ಪುಡಿಕೆ ಕೊಂಡೆ, ಬರಿಗೈಯಲ್ಲಿ ಹೋಗಬಾರದೆಂದು.

ಗಂಗಾಬಾಯಿ ಪೂರಾ ಕೇಳಿಸಿಕೊಂಡಳು. "ನಾ ಕೇಳಿದ್ದು ನಿಮ್ಮನ್ನ ಅಲ್ಲೇನ್ರಿ? ಮಂದಿ ಮುಂದ ಕೇಳಿದ್ದೆ. ನೀವು ಖುಲ್ಲಾ ಹೇಳಿಲ್ಲ ಅಂದ್ರಿ. ಹಸಿ ಕೂಸಿತ್ತು, ನಾ ಹ್ಯಾಂಗ ಬಿಡ್ಲಿ?" ಎಂದಳು. ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಸವಿತಾ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. "ನಾ ಕೊಡಾಕ ಹೋದ್ರ ನಮ್ಮವ್ವ ತಾನ ಹಿಂದಕ್ಕ ಸರೀತಿದ್ಲು" ಎಂದಳು. "ಹೆಣ್ಣು ಹುಟ್ಟೇತಿ ಅಂತ ಮನಸ್ಸಿಲ್ಲೇನ ನಿನಗ ಅಂತ ಒಮ್ಮೆ ಅಂದೀನ್ರಿ ಆಕೀಗೆ. ಆ ಮಾತು ಎಲ್ಲಿಡ್ಲಿ ಈಗ?"

ನಾನು ಸೃಷ್ಟಿಯನ್ನು ಹತ್ತಿರ ಕರೆದೆ.

ನೀಲವ್ವ ಹೇಳಿದಂತೆ ಹುಡುಗಿಯ ಮುಂದೆಯೂ ಹೇಳಿದೆ. "ನಿಮ್ಮ ಆಯಿ ಕೈಯಾಗ ಯಾ ಜಡ್ಡೂ ಇಲ್ಲವ್ವ, ಅವಾಗೂ ಇರಲಿಲ್ಲ. ನಾ ಸುಳ್ಳು ಹೇಳಿದ್ದೆ." ಹುಡುಗಿ ತಾಯಿಯ ಮುಖ ನೋಡಿತು, ಗಂಗಾಬಾಯಿಯ ಮುಖ ನೋಡಿತು, ಕೊನೆಗೆ ನನ್ನನ್ನು ನೋಡಿತು. ಮುಂದಿನ ರಜೆಯಲ್ಲಿ ಅದು ಆಯಿಯ ಕೈ ಹಿಡಿಯುತ್ತದೋ ಇಲ್ಲವೋ, ನನಗೆ ತಿಳಿಯುವುದಿಲ್ಲ. ನೀಲವ್ವನ ಮನೆಯ ಬಾಗಿಲಿಗೆ ಹೋಗುವ ಮುಖ ನನಗಿಲ್ಲ.

ಹೊರಡುವಾಗ ಬಿಸ್ಕೀಟಿನ ಪುಡಿಕೆಯನ್ನು ಹುಡುಗಿಯ ಕಡೆ ಚಾಚಿದೆ. ಅದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

"ಕೆಳಗಿಡ್ರಿ" ಎಂದಿತು.

ಕೆಳಗಿಟ್ಟು ಬಂದೆ.